ನಾಲ್ಕನೆಯ ಹ್ಞೂಂ

ಗೆಳೆಯ ರೋಶನ್,

ಎಮ್ಮೆ ಕಳೆದುಕೊಂಡ ಕೆಂಪಮ್ಮನ ಕಥೆಯನ್ನು ಮೊದಲು ಹೇಳಿದ್ದು ನಮ್ಮಜ್ಜಿ, ನಾನಿನ್ನೂ ಶಾಲೆ ಸೇರದ ಕಾಲದಲ್ಲಿ, ಅವರೆಕಾಯಿ ಸುಲಿಯುತ್ತ. ಕೇಳುವವರು ನಡುನಡುವೆ ‘ಹ್ಞೂಂ’ ಅನ್ನಬೇಕಿತ್ತು. ಹ್ಞೂಂ ನಿಂತರೆ ಅಜ್ಜಿಯ ಕಥೆಯೂ ನಿಲ್ಲುತ್ತಿತ್ತು. ಇದನ್ನೆಲ್ಲ ಹ್ಯಾನೋವರ್‌ನ ಟ್ರಾಮ್‌ನಲ್ಲಿ ನಿನಗೆ ಹೇಳಿದ್ದೆ, ನೆನಪಿದೆಯಾ? “ಜೌಗಿನಲ್ಲಿ ಎಮ್ಮೆ ಹುಡುಕುವುದಾ? ಇದು ನಮ್ಮ ಆಲ್ಬಮ್‌ಗೇ ಹುಟ್ಟಿದ ಕಥೆ ಮಾರಾಯ,” ಅಂದಿದ್ದೆ ನೀನು.

ಆ ಆಲ್ಬಮ್ ನನಗೆ ಮೊದಲಿಂದಲೂ ತಲೆಗೆ ಹತ್ತಿರಲಿಲ್ಲ. ಮಂಗಳೂರಿನ ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸಿ ಬೆಳೆದ ನೀನು, ಗಿಟಾರ್ ಹಿಡಿದು ಅಮೆರಿಕದ ಕಂಟ್ರಿ ಹಾಡು ಹಾಡುವ ಜರ್ಮನ್ ಹೆಂಗಸು ಉಟಾ, ಪಿಟೀಲಿನ ಯೋರ್ಗ್. ಅದರ ಮೇಲೆ ಲೂಸಿಯಾನಾದ ಜೌಗುನಾಡಿನ ಫ್ರೆಂಚ್ ಮಾತಿನವರ ಕೇಜನ್ ಕುಣಿತದ ಧಾಟಿ. “ಯಾವೂರ ಹಾಡಪ್ಪಾ ಇದು?” ಅಂದರೆ, “ಕಾಲು ಅಲ್ಲಾಡ್ತಾ ಉಂಟಲ್ಲ, ಮತ್ತೆಂತ ಬೇಕು?” ಅನ್ನುತ್ತಿದ್ದೆ ನೀನು.

ಕೊನೆಯ ಹಾಡನ್ನು ಉಟಾಳ ಮನೆಯ ಕೆಲ್ಲರ್‌ನಲ್ಲಿ, ಆ ನೆಲಮಾಳಿಗೆಯಲ್ಲಿ, ರೆಕಾರ್ಡ್ ಮಾಡಿದ ಶನಿವಾರ ನಾನೂ ಮೂಲೆಯಲ್ಲಿ ಕೂತಿದ್ದೆ. ಕೆಂಪಮ್ಮನ ಕಥೆಯನ್ನು ನೀನು ಕನ್ನಡದಲ್ಲೇ ಅರ್ಧ ಹಾಡುತ್ತ ಅರ್ಧ ಹೇಳುತ್ತ ಹೋದೆ. ಅಭ್ಯಾಸಬಲ, ನನ್ನ ಬಾಯಿಂದ ‘ಹ್ಞೂಂ’ ಬಂತು. ಮೂರು ಸಲ. ಉಟಾ ತಿರುಗಿ ನೋಡಿದಳು. ನಾಚಿಕೆಯಾಗಿ ಬಾಯಿಗೆ ಕೈ ಅಡ್ಡ ಹಿಡಿದೆ. ಕೆಂಪಮ್ಮ ಇನ್ನೂ ಜೌಗಿನ ನಡುವೆ ನಿಂತಿದ್ದಳು, ಅಷ್ಟರಲ್ಲಿ ನೀನು ಹಾಡು ನಿಲ್ಲಿಸಿಬಿಟ್ಟೆ. “ಬರುವ ಶನಿವಾರ ಮತ್ತೆ ಹಾಡುವ,” ಅಂದೆ. ಗುರುವಾರ ಆಫೀಸಿನಲ್ಲಿ ನಿನ್ನ ಎದೆಬಡಿತವೇ ನಿಂತುಹೋಯಿತು.

ಅಂದಿನಿಂದ ಹಾಡು ಕೆಡಿಸಿದವನು ನಾನೇ ಅಂದುಕೊಂಡಿದ್ದೆ. ಕೋಪ ಬಂದಿತ್ತಾ? ಬಂದಿದ್ದರೆ ಒಂದು ಮಾತು ಬೈಯಬಾರದಿತ್ತಾ?

ಕಳೆದ ಭಾನುವಾರ ಉಟಾ ಕರೆದಳು. “ಅರ್ಧ ಹಾಡು. ಆಲ್ಬಮ್‌ನಿಂದ ತೆಗೆದುಬಿಡೋಣವಾ? ನಿಮ್ಮ ಭಾಷೆಯದು, ನೀನೇ ಹೇಳು,” ಅಂದಳು. ಯೋರ್ಗ್‌ನೂ ಸೇರಿ ಮೂವರೂ ಕೂತು ಕೇಳಿದೆವು. ಮೂರು ಕಡೆ ನೀನು ಸಾಲು ಮುಗಿಸಿ ತುಸು ನಿಲ್ಲುತ್ತೀ, ನನ್ನ ಹ್ಞೂಂ ಬೀಳುತ್ತದೆ, ಮುಂದೆ ಹೋಗುತ್ತೀ. ನಾಲ್ಕನೆಯ ಕಡೆ ನನ್ನ ದನಿಯಿಲ್ಲ. ನೀನು ಒಂದೇ ಸ್ವರ ಹಿಡಿದು, ಅಕಾರ್ಡಿಯನ್ನಿನ ತಿದಿಯಲ್ಲಿ ಗಾಳಿ ಮುಗಿಯುವವರೆಗೂ... ಕಾಯುತ್ತಿದ್ದೆಯಾ? ಅಥವಾ ನನ್ನ ಮನಸ್ಸಿಗೆ ಹಾಗೆ ಕೇಳಿಸಬೇಕಿತ್ತಾ? ಹ್ಞೂಂ ಅಂದದ್ದು ತಪ್ಪೋ, ನಿಲ್ಲಿಸಿದ್ದು ತಪ್ಪೋ? ಈಗಲೂ ತಿಳಿಯುತ್ತಿಲ್ಲ.

ಅಜ್ಜಿಯ ಕಟ್ಟಳೆಯನ್ನು ಅವರಿಬ್ಬರಿಗೂ ಹೇಳಿದೆ. “ಹಾಗಾದರೆ ಅವತ್ತು ನಾನು ಹ್ಞೂಂ ಅಂದಿದ್ದರೂ ಸಾಕಾಗುತ್ತಿತ್ತಾ?” ಎಂದು ಕೇಳಿದ ಯೋರ್ಗ್. ಯಾರೂ ಏನೂ ತೀರ್ಮಾನಿಸದೆ ಎದ್ದೆವು.

ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮುಂಚೆ, ಇಬ್ಬರೂ ನನ್ನನ್ನು ಮತ್ತೆ ಕೆಲ್ಲರ್‌ಗೆ ಕರೆಸಿದರು. ನಿನ್ನ ಹಾಡು ಹಾಕಿದರು. ಆ ಸ್ವರ ಇನ್ನೇನು ನಿಲ್ಲಬೇಕು, ಇಬ್ಬರೂ ಮೈಕಿಗೆ ಬಾಗಿ ‘ಹ್ಞೂಂ’ ಅಂದರು, ಶೀತವಾದವರ ಹಾಗೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆಮೇಲೆ ಉಟಾ ಮೈಕನ್ನು ನನ್ನ ಕಡೆ ತಿರುಗಿಸಿದಳು. ಉಳಿದ ಕಥೆಯನ್ನು ನಾನೇ ಹೇಳಿದೆ. ಸಾಲುಸಾಲಿಗೂ ಅವರು ಹ್ಞೂಂ ಅಂದರು.

ಎಮ್ಮೆ ಸಿಕ್ಕಿತು, ರೋಶನ್. ಕೆಂಪಮ್ಮ ಅದನ್ನು ಹೊಡೆದುಕೊಂಡು ಮನೆ ಸೇರಿದಳು.