ಒಂದೇ ಸಹಿಯ ಕರಾರು

ಬೈಲಹೊಂಗಲ
ತಾ. ೬-೧೦-೧೯೭೭, ಗುರುವಾರ

ಪ್ರೀತಿಯ ತಂಗಿ ಸುಂದರವ್ವನಿಗೆ ನಿನ್ನ ತಾಯಕ್ಕನ ಆಶೀರ್ವಾದಗಳು.

ನಿನ್ನ ಕಾರ್ಡು ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಎರಡು ಸಲ ಇನ್‌ಲ್ಯಾಂಡ್ ತಂದಿಟ್ಟಿದ್ದೆ. ಒಂದರ ಮೇಲೆ ಅವ್ವನ ಔಷಧದ ಬಾಟಲಿ ಉರುಳಿತು, ಇನ್ನೊಂದು ಎಲ್ಲಿ ಹೋಯಿತೋ ತಿಳಿಯದು. ಇವೆಲ್ಲ ನೆವ ಎಂದು ನನಗೂ ಗೊತ್ತು. ಈಚೆಗೆ ಕೂತರೆ ಏಳಲು ಬೇಸರ, ಎದ್ದರೆ ಕೂರಲು ಬೇಸರ. ಇವತ್ತು ಅವ್ವ ಮಧ್ಯಾಹ್ನದ ಗಂಜಿ ಕುಡಿದು ಮಲಗಿದ್ದಾಳೆ. ತಮ್ಮ ಜಟ್ಟೆಪ್ಪ ಡ್ಯೂಟಿಯ ಮೇಲೆ ಕಿತ್ತೂರಿನ ಬಸ್ಸಿಗೆ ಹೋಗಿದ್ದಾನೆ. ಮನೆಯಲ್ಲಿ ಸದ್ದಿಲ್ಲ. ಉದ್ದದ ಹಾಳೆಯನ್ನೇ ತೆಗೆದುಕೊಂಡು ಕೂತಿದ್ದೇನೆ.

ಅವ್ವನಿಗೆ ಎಡಗಾಲಿನ ಬಾವು ಇಳಿದಿಲ್ಲ. ಆದರೆ ಬಾಯಿ ಮೊದಲಿನಂತೆಯೇ ಇದೆ. ನಾನು ಪಾರ್ಲರು, ಮಳಿಗೆ ಎಂದು ತಿರುಗುವುದನ್ನು ನೋಡಿ, "ನಮ್ಮವ್ವ ಮಂದಿ ಅಂಗಳಾ ಬಳದಳು, ನಾ ಮಂದಿ ಹೊಲದಾಗ ಕಸಾ ತಗದ್ನಿ, ನೀ ಮಂದಿ ಮಾರಿ ತೊಳೀತಿ. ಮ್ಯಾಲ ಬಂದಿ ಬಿಡು," ಎನ್ನುತ್ತಾಳೆ. ಬೈದಳೋ ಹೊಗಳಿದಳೋ ಗೊತ್ತಾಗುವುದಿಲ್ಲ. ನಿನ್ನನ್ನು ಕೇಳುತ್ತಿರುತ್ತಾಳೆ.

ಮಳಿಗೆಯ ಸುದ್ದಿ ಏನಾಯಿತು ಎಂದು ಕೇಳಿದ್ದೀಯ. ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ.

ಬೆಳಗಾವಿ ಕ್ಯಾಂಪಿನಲ್ಲಿ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಪಾರ್ಲರು ಮುಚ್ಚಿ ನಮ್ಮ ಮೇಡಂ ಗೋವಾಕ್ಕೆ ಹೊರಟಾಗ, ಕೂದಲು ಒಣಗಿಸುವ ಮಶೀನನ್ನು ನಮ್ಮಿಬ್ಬರಿಗೂ ಸೇರಿಸಿ ಕೊಟ್ಟು ಹೋದರಲ್ಲ, ಆವತ್ತೇ ನಾವು ನಿಶ್ಚಯ ಮಾಡಿದ್ದು. ನಿನಗೆ ಮದುವೆಯಾಗಿ ರಾಮದುರ್ಗ ಸೇರಿದ ಮೇಲೂ ನೀನೇ ಬರೆದೆ: ನಿನ್ನ ಯಜಮಾನರಿಗೆ ಹತ್ತಿ ಸೊಸೈಟಿಯಿಂದ ಬೈಲಹೊಂಗಲಕ್ಕೆ ವರ್ಗವಾಗುತ್ತದೆ, ತವರು ಸಂಪಗಾಂವ ಹತ್ತಿರವೇ ಇದೆ, ಮಗುವನ್ನು ನಿಮ್ಮವ್ವ ನೋಡಿಕೊಳ್ಳುತ್ತಾಳೆ, ನಾವಿಬ್ಬರೂ ಸೇರಿ ಪಾರ್ಲರು ತೆಗೆಯೋಣ ಎಂದು. ಆ ಕಾಗದ ಓದಿದ ದಿನವೇ ನಾನು ಮಳಿಗೆ ಹುಡುಕಲು ಹೊರಟೆ.

ನಾಲ್ಕು ಕಡೆ ಕೇಳಿದೆ, ತಂಗಿ. ಒಬ್ಬರು, "ಹೆಂಗಸರ ಕಟಿಂಗ್ ಶಾಪೇನವಾ?" ಎಂದು ಕೇಳಿ ಪಕ್ಕದವರನ್ನೂ ಕರೆದು ನಗಿಸಿದರು. ಇನ್ನೊಬ್ಬರಿಗೆ ನಾನು ಬಾಗಿಲಿಗೆ ಪರದೆ ಹಾಕುತ್ತೇನೆ ಎಂದದ್ದೇ ತಪ್ಪಾಯಿತು. "ಪರದೇ ಹಾಕತಿ, ಒಳಗ ಹೆಂಗಸರ ಇರತಾರ ಅಂತಿ. ನಾಳಿ ಪೊಲೀಸರ ಬಂದ್ರ ಯಾರ ಉತ್ತರಾ ಕೊಡಬೇಕ?" ಎಂದರು. ಮದುಮಗಳ ಸಿಂಗಾರ, ತಲೆ ತೊಳೆಯುವುದು, ಹುಬ್ಬು ತಿದ್ದುವುದು, ಮುಖಕ್ಕೆ ಹಚ್ಚುವುದು ಎಂದೆಲ್ಲ ನಾನು ವಿವರಿಸುತ್ತಿದ್ದರೆ ಅವರ ಕಣ್ಣು ನನ್ನ ಚಪ್ಪಲಿಯ ಮೇಲೆಯೇ ಇತ್ತು.

ಕೊನೆಗೆ ಸಿಕ್ಕವರು ರಾಚವ್ವ. ಬಸ್ ಸ್ಟ್ಯಾಂಡಿನಿಂದ ಬಜಾರಕ್ಕೆ ಹೋಗುವ ದಾರಿಯಲ್ಲಿ ಮೂರು ಮಳಿಗೆಗಳ ಒಡತಿ. ಐವತ್ತೈದರ ಆಸುಪಾಸು, ಗಂಡ ತೀರಿಕೊಂಡು ಹನ್ನೆರಡು ವರ್ಷ. ಒಂದು ಮಳಿಗೆಯಲ್ಲಿ ಸೈಕಲ್ ರಿಪೇರಿ, ಒಂದರಲ್ಲಿ ಟೇಲರು. ಮೂರನೆಯದರಲ್ಲಿ ಗಂಡ ಬೀಜದ ವ್ಯಾಪಾರ ಮಾಡುತ್ತಿದ್ದರಂತೆ. ಅವರು ಹೋದಾಗಿನಿಂದ ಬೀಗ. ರಾಚವ್ವ ಬೀಗ ತೆಗೆದು ತೋರಿಸಿದಾಗ ಹತ್ತಿಕಾಳಿನ ವಾಸನೆ ಇನ್ನೂ ಇತ್ತು. ಮುಂದೆ ರಸ್ತೆಗೆ ದೊಡ್ಡ ಬಾಗಿಲು, ನಡುವೆ ಗೋಡೆ, ಹಿಂದೆ ಒಂದು ಸಣ್ಣ ಕೋಣೆ. ಕರೆಂಟು ಇತ್ತು. ನಾನು ನಿಂತಲ್ಲೇ ಕನ್ನಡಿ ಎಲ್ಲಿ, ಕುರ್ಚಿ ಎಲ್ಲಿ, ನೀನೆಲ್ಲಿ, ನಾನೆಲ್ಲಿ ಎಂದು ಲೆಕ್ಕ ಹಾಕಿದೆ.

"ಕೂದಲಾ ಕತ್ತರಿಸ್ಕೊಳ್ಳಾಕ ಯಾವ ಮುತ್ತೈದಿ ಬರತಾಳಬೇ ಇಲ್ಲಿ?" ಎಂದರು ರಾಚವ್ವ.

"ಕತ್ತರಿಸೂದ ಕಡಿಮಿರೀ ಅವ್ವಾರ, ಚಂದ ಮಾಡೂದ ಹೆಚ್ಚು," ಎಂದೆ.

ಅವರು ಬಾಗಿಲು ಮುಂದೆ ಮಾಡಿ, ಧ್ವನಿ ಇಳಿಸಿ, "ಗದ್ದದಾಗ ನಾಕ ಕೂದಲಾ ಅದಾವ. ಮುಳ್ಳಿನಂಗ ಆಗ್ಯಾವ. ಕನ್ನಡಿ ನೋಡಾಕ ಮನಸಾಗೂದಿಲ್ಲ. ಯಾರಿಗಿ ಹೇಳಲಿ, ಸೊಸೀಗಿ ಹೇಳಲ್ಯಾ?" ಎಂದರು.

ಚೀಲದಲ್ಲಿ ದಾರದ ಉಂಡೆ ಇತ್ತು. ಕಿಟಕಿಯ ಬೆಳಕಿಗೆ ಅವರನ್ನು ಕೂರಿಸಿ, ದಾರದ ಒಂದು ತುದಿ ಹಲ್ಲಿನಲ್ಲಿ ಹಿಡಿದು, ಒಂದು ಕೈಯಿಂದ ಗದ್ದ ಎತ್ತಿ ಕೆಲಸ ಮುಗಿಸಿದೆ. ನೋವಾದರೂ ಅವರು ಪಿಟ್ ಎನ್ನಲಿಲ್ಲ. ಮುಗಿದ ಮೇಲೆ ಗದ್ದ ಸವರಿಕೊಂಡರು, ಮತ್ತೆ ಸವರಿಕೊಂಡರು. ಹನ್ನೆರಡು ವರ್ಷದಿಂದ ತನ್ನ ಮುಖವನ್ನು ಯಾರೂ ಮುಟ್ಟಿಲ್ಲ ಎಂದರು. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತು. ಕೂಡಲೇ ಗಟ್ಟಿಯಾಗಿ, "ಅಂದಂಗ ನೀವು ಯಾರ ಪೈಕಿ?" ಎಂದು ಕೇಳಿದರು.

ಬೇರೆ ಏನಾದರೂ ಹೇಳಬಹುದಿತ್ತು. ಬೆಳಗಾವಿಯಲ್ಲಿ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಆದರೆ ಇದು ನಮ್ಮ ಊರ ಕಡೆ. ಇವತ್ತಲ್ಲ ನಾಳೆ ತಿಳಿಯುವುದೇ.

"ನಾವು ನೇಸರಗಿ ಹೊಲಗೇರಿ ಮಂದಿರೀ ಅವ್ವಾರ," ಎಂದೆ.

ಅವರ ಕೈ ಗದ್ದದ ಮೇಲೆಯೇ ನಿಂತಿತು. "ಮದಲ ಹೇಳಬಾರದೇನ?"

"ನೀವು ಮದಲ ಕೇಳಬಾರದೇನ್ರೀ?"

ಬೈಯುತ್ತಾರೆ ಎಂದುಕೊಂಡೆ. ನಕ್ಕುಬಿಟ್ಟರು. "ಆತ ಬಿಡು. ಗದ್ದಾ ಹಿಡಿಸ್ಕೊಂಡ ಮ್ಯಾಲೆ ಜಾತಿ ಕೇಳಿ ಏನ ಬಂತು," ಎಂದರು. ಮೂರು ವರ್ಷದ ಕರಾರಿಗೆ ಕೊಡುತ್ತೇನೆ ಎಂದರು. ಒಂದೇ ಮಾತು ಹಾಕಿದರು: "ನಿನ್ನ ಕೂಡ ಸಂಪಗಾಂವದ ಹುಡುಗಿ ಅದಾಳ ಅಂದಿ. ಆಕಿ ಹೆಸರೂ ಕರಾರಿನ್ಯಾಗ ಇರಲಿ, ಆಕಿ ಖುದ್ದ ಬಂದು ಸಹಿ ಮಾಡ್ಲಿ. ನಮ್ಮ ಮೈದುನ ಹನುಮಪ್ಪ ಬಾಳ ಬಿಗಿ ಮನಿಶ್ಯಾ. ಆಕಿ ಹೆಸರ ನೋಡಿದ್ರ ಸುಮ್ಮನಾಗತಾನ."

ಯಾಕೆ ಸುಮ್ಮನಾಗುತ್ತಾನೆ ಎಂದು ನಾನು ಕೇಳಲಿಲ್ಲ. ನಿಮ್ಮ ಮನೆತನದ ಹೆಸರು ಈ ಕಡೆ ಎಲ್ಲರಿಗೂ ಗೊತ್ತು. ನಿನಗೆ ಬರೆದೆ. ಶ್ರಾವಣದ ಮೂರನೆಯ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ ಎಂದು ನೀನೂ ಬರೆದೆ.

ಆವತ್ತು ಕರಾರು ಬರೆಯುವವರ ಕಟ್ಟೆಯ ಮೇಲೆ ಹತ್ತು ಗಂಟೆಗೇ ಹೋಗಿ ಕೂತೆ. ಸ್ಟ್ಯಾಂಪ್ ಕಾಗದದ ಮೇಲೆ ಇಬ್ಬರ ಹೆಸರೂ ಬರೆದಾಗಿತ್ತು, ನಿನ್ನದು ಮೊದಲು. ಬಸ್ಸು ಬಂದಾಗಲೆಲ್ಲ ಎದ್ದು ಹೋಗಿ ನೋಡಿ ಬಂದೆ. ರಾಚವ್ವ ಮನೆಯಿಂದ ಎರಡು ಸಲ ಬಂದು ಹೋದರು. ಮೂರನೆಯ ಸಲ ಹನುಮಪ್ಪನವರೂ ಜೊತೆಗಿದ್ದರು. ಬಿಳಿ ರುಮಾಲು, ಕೈಯಲ್ಲಿ ಛತ್ರಿ. ನನ್ನ ಕಡೆ ನೋಡದೆ ಅತ್ತಿಗೆಯನ್ನೇ ಕೇಳಿದರು: "ಆ ಎರಡನೇದಾಕಿ ನಿಜವಾಗಿ ಅದಾಳೋ, ಇಲ್ಲಾ ಬರೇ ಹೆಸರ ತಂದಾಳೋ ಈಕಿ?"

"ಅದಾಳ್ರೀ, ಬರತಾಳ್ರೀ," ಎಂದೆ ನಾನು. ಸಂಜೆಯ ಬಸ್ಸೂ ಬಂದು ಹೋಯಿತು. ಬರೆಯುವವರು ಹಲಗೆ, ಮಸಿ ಎತ್ತಿಟ್ಟರು.

ಮಗುವಿಗೆ ಜ್ವರ ಬಂದಿತ್ತು, ಅದಕ್ಕೆ ಬರಲಾಗಲಿಲ್ಲ ಎಂದು ಆಮೇಲೆ ನಿನ್ನ ಕಾರ್ಡು ಬಂತು. ಮಗಳು ಈಗ ಗುಣವಾಗಿದ್ದಾಳೆಂದು ನಂಬಿದ್ದೇನೆ.

ಅದಾದ ಮೇಲೆ ರಾಚವ್ವನಿಂದ ಹದಿನೈದು ದಿನ ಸುದ್ದಿಯಿಲ್ಲ. ನಾನೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಬಡಿಗನಿಗೆ ಹೇಳಿ ಮಾಡಿಸಿದ್ದ ಎರಡು ಕುರ್ಚಿಗಳು ಮನೆಯ ಪಡಸಾಲೆಯಲ್ಲಿ ಕೂತಿದ್ದವು. ಅವ್ವ ಒಂದರ ಮೇಲೆ ಬಾವಿನ ಕಾಲಿಟ್ಟು, "ಇದಕ್ಕಾರ ಬಂತಲ್ಲ," ಎಂದಳು. ಆಗ ಮಾತ್ರ ನಾನು ಹಿತ್ತಲಿಗೆ ಹೋಗಿ ಅತ್ತೆ.

ಕಡೆಗೆ ಅವರೇ ಹೇಳಿ ಕಳಿಸಿದರು. ಹೋದೆ. ರಾಚವ್ವ ನನ್ನ ಕಣ್ಣು ತಪ್ಪಿಸಿ ಮಾತಾಡಿದರು.

"ಹನುಮಪ್ಪ ಒಪ್ಪವಲ್ಲ, ತಾಯವ್ವಾ. ಮುಂದಿನ ಬಾಗಲಾ ತಗದ್ರ ಸೈಕಲ್ಲಿನವನೂ ಬಿಡತಾನ, ಟೇಲರನೂ ಬಿಡತಾನ ಅಂತ ಹೆದರಸ್ಯಾನ. ನಾ ಒಂದ ಹೇಳತೇನಿ. ಹಿಂದಿನ ಖೋಲಿ ತಗೊ. ಓಣಿ ಕಡೆ ಬಾಗಲಾ ಐತಿ. ಹನ್ನೊಂದ ತಿಂಗಳದ ಕರಾರ ಮಾಡೂಣು. ಬೋರ್ಡ ಮಾತ್ರ ರಸ್ತಾದ ಕಡೆ ಬ್ಯಾಡ."

"ಮುಂದಿನ ಮಳಿಗಿ ಏನ ಮಾಡತೀರ್ರೀ?"

"ಬೀಗ," ಎಂದರು. ಆಮೇಲೆ, "ಹೆಂಗಸರಿಗೆ ಓಣಿ ಬಾಗಲಾನ ಚಲೋ ಅಲ್ಲೇನ? ಯಾರೂ ನೋಡೂದಿಲ್ಲ. ಬಂದಂಗ ಬರತಾರ," ಎಂದರು. ಆ ಮಾತು ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ಅವರನ್ನೇ ಸಮಾಧಾನ ಮಾಡಿಕೊಳ್ಳಲು ಹೇಳಿದ್ದೋ. ಸುಳ್ಳೇನೂ ಅಲ್ಲ.

ನಾನು ಹೂಂ ಎಂದೆ. ಜಟ್ಟೆಪ್ಪ ಕೇಳಿ ಕೂಗಾಡಿದ. "ಹಿಂದಿನ ಬಾಗಲದಿಂದ ಹೋಗಾಕ ನೀ ಬೆಳಗಾವಿಗಿ ಹೋಗಿ ಕಲತ ಬಂದೇನಕ್ಕಾ? ಬಿಟ್ಟ ಬಾ ಅತ್ಲಾಗ," ಎಂದ. ಅವನು ಹೇಳುವುದು ಸರಿ. ಆದರೆ ಅವನಿಗೆ ಇಪ್ಪತ್ತಾರು, ನನಗೆ ಮೂವತ್ತಾರು. ಗಂಡ ಬಿಟ್ಟ ಮೇಲೆ ಈ ಕೈಯ ಕೆಲಸವೊಂದೇ ನನ್ನದು ಎಂದು ಹಿಡಿದುಕೊಂಡು ಬಂದವಳು. ಐದು ವರ್ಷದಿಂದ ಅದನ್ನೂ ಮಾಡಿಲ್ಲ. ಮೊನ್ನೆ ಅವ್ವನ ತಲೆ ಬಾಚುವಾಗ ಬೆರಳು ಬಿಗಿಯಾದಂತೆ ಅನಿಸಿ ಗಾಬರಿಯಾಯಿತು. ಇನ್ನೊಂದು ಮಳಿಗೆ, ಇನ್ನೊಬ್ಬರ ಮುಂದೆ ಮತ್ತೆ ಅದೇ ವಿವರಣೆ, ಮತ್ತೆ ಅದೇ ಪ್ರಶ್ನೆ. ನನ್ನಿಂದಾಗದು, ತಂಗಿ. ದಣಿದಿದ್ದೇನೆ.

ಕಳೆದ ಸೋಮವಾರ ಸಹಿ ಮಾಡಿದೆ. ಬರೆಯುವವರು ಹಳೆಯ ಕರಾರನ್ನೇ ತೆಗೆದು ನಿನ್ನ ಹೆಸರಿನ ಮೇಲೆ ಗೆರೆ ಎಳೆದು ಹೊಸ ಕಾಗದಕ್ಕೆ ಇಳಿಸಿದರು. ಆದ್ದರಿಂದ ನಿನಗೆ ಇದರಲ್ಲಿ ಯಾವ ಹೊಣೆಯೂ ಇಲ್ಲ, ಯಾರಾದರೂ ಕೇಳಿದರೆ ಹಾಗೆಂದು ಧೈರ್ಯವಾಗಿ ಹೇಳು. ಮಶೀನಿನಲ್ಲಿ ನಿನ್ನ ಪಾಲಿದೆ. ಬೇಕೆನಿಸಿದಾಗ ತಿಳಿಸು, ಏನಾದರೂ ಮಾಡೋಣ.

ಖೋಲಿಗೆ ನಾನೇ ಸುಣ್ಣ ಹೊಡೆದೆ. ಒಂದೇ ಕುರ್ಚಿ ಹಿಡಿಯುತ್ತದೆ. ಮಶೀನು ಹಚ್ಚಿದರೆ ದೀಪ ಮಂಕಾಗುತ್ತದೆ. ದೀಪಾವಳಿಯ ಪಾಡ್ಯಕ್ಕೆ ಬಾಗಿಲು ತೆಗೆಯಬೇಕೆಂದಿದ್ದೇನೆ. ಸುಣ್ಣ ಹೊಡೆಯುವಾಗಲೇ ಓಣಿಯ ಇಬ್ಬರು ಹೆಂಗಸರು ಇಣುಕಿ ನೋಡಿದರು. ಮುನವಳ್ಳಿ ಕಡೆಯ ಒಬ್ಬ ಟೀಚರಬಾಯಿ ಒಳಗೇ ಬಂದು, ಮಗಳ ಮದುವೆಗೆ ಸಿಂಗಾರ ಮಾಡಿಕೊಡುತ್ತೀರಾ ಎಂದು ಕೇಳಿದರು. ಎಷ್ಟೋ ದಿನಕ್ಕೆ ಯಾರೋ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದರು. ಮಾಡಿಕೊಡುತ್ತೇನೆ ಎಂದೆ. ಅವರು ಹೋದ ಮೇಲೆ ಮದುಮಗಳ ಜಡೆಗೆ ಏನೇನು ಬೇಕೆಂದು ನೆನಪು ಮಾಡಿಕೊಳ್ಳುತ್ತ ಬಹಳ ಹೊತ್ತು ಆ ಕುರ್ಚಿಯಲ್ಲಿ ನಾನೇ ಕೂತಿದ್ದೆ.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ಅತ್ತೆಯವರಿಗೂ ಹೇಳು. ಮಗಳ ಕೂದಲು ತೆಳುವೆಂದು ಬರೆದಿದ್ದೀಯ, ವಾರಕ್ಕೊಮ್ಮೆ ಹರಳೆಣ್ಣೆ ಹಚ್ಚು, ಬಿಗಿಯಾಗಿ ಹೆಣೆಯಬೇಡ. ನಿನ್ನ ಮನೆ ತುಂಬಿರಲಿ, ಬಳೆ ತುಂಬಿದ ಕೈ ತಣ್ಣಗಿರಲಿ. ಎಲ್ಲಿದ್ದರೂ ಸುಖವಾಗಿರು ಎಂದು ಹರಸುವ,

ನಿನ್ನ ಅಕ್ಕ
ತಾಯವ್ವ

ತಾ.ಕ.: ಮೇಲಿನದನ್ನು ಮಡಚಿಟ್ಟು ಮತ್ತೆ ಬಿಚ್ಚಿದ್ದೇನೆ. ಶ್ರಾವಣದಲ್ಲಿ ನೀನು ಬಾರದ ಆ ಸೋಮವಾರದ ಮರುದಿನವೇ ನಾನು ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಅದರ ಬಗ್ಗೆ ನಿನ್ನ ಕಾರ್ಡಿನಲ್ಲಿ ಒಂದು ಅಕ್ಷರವೂ ಇಲ್ಲ. ನಾನೂ ಬರೆಯಬಾರದೆಂದೇ ಕೂತಿದ್ದೆ. ಮಗಳು ಅಂಗಳದಲ್ಲಿ ಹುಣಸೆಬೀಜ ಹಿಡಿದು ಓಡಾಡುತ್ತಿದ್ದಳು. ಅದನ್ನು ಬಿಡು. ಅತ್ತೆಯವರು ನಾನು ಯಾರ ಪೈಕಿ ಎಂದು ಕೇಳಿದರು, ನೀನು ಹೇಳಿದೆ. ಅದೂ ಇದ್ದ ಮಾತೇ. ಬಸ್ಸಿನ ಧೂಳಿಗೆ ಗಂಟಲು ಕಟ್ಟಿತ್ತು, ನೀರು ಕೇಳಿದೆ. ನೀನು ತಂಬಿಗೆ ತಂದೆ. ಇಸಿದುಕೊಳ್ಳಲು ನಾನು ಕೈ ಚಾಚಿದೆ. ನೀನು ತಂಬಿಗೆಯನ್ನು ಮೇಲೆತ್ತಿ, "ಬೊಗಸಿ ಹಿಡಿ, ತಾಯಕ್ಕಾ," ಎಂದೆ, ಮೆಲ್ಲಗೆ. ಬೆಳಗಾವಿಯ ಶಹಾಪುರದ ಖೋಲಿಯಲ್ಲಿ ನಾಲ್ಕು ವರ್ಷ ನಮ್ಮಿಬ್ಬರಿಗೂ ಇದ್ದದ್ದು ಒಂದೇ ತಂಬಿಗೆ. ನಾನು ಬೊಗಸೆ ಹಿಡಿದು ಬಗ್ಗಿದೆ. ನೀನು ಮೇಲಿಂದ ಹಾಕಿದೆ, ಒಂದು ಹನಿಯೂ ಚೆಲ್ಲದ ಹಾಗೆ. ಖಾಲಿಯಾಗುವವರೆಗೂ ಕುಡಿದೆ. ನೀನು ಅತ್ತೆಗೆ ಅಂಜಿ ಹಾಗೆ ಮಾಡಿದೆ ಎಂದು ತಿರುಗಿ ಬರುವ ಬಸ್ಸಿನಲ್ಲೇ ನಿನ್ನನ್ನು ಕ್ಷಮಿಸಿಬಿಟ್ಟೆ. ನಾನು ಯಾಕೆ ಕುಡಿದೆ ಎಂಬುದೇ ಇಲ್ಲಿಯವರೆಗೂ ತಿಳಿಯುತ್ತಿಲ್ಲ. ಅಂಥ ನೀರಡಿಕೆಯೇನೂ ಇರಲಿಲ್ಲ, ಸುಂದರಾ.