ಮಾತು ಹೊರುವ ಹುಡುಗಿಯನ್ನು ಮೊಂಡಿ ಎಂದವರಿಗೆ

ಬ್ಯಾಟರಾಯನಪುರ
ಜನವರಿ, 1984

ಪ್ರೌಢಶಾಲೆಯ ಮಾನ್ಯ ಮುಖ್ಯೋಪಾಧ್ಯಾಯರೇ,

ಹತ್ತನೇ ತರಗತಿಯ ದಾನವ್ವ ಎಂಬ ಹುಡುಗಿಯನ್ನು ತಾವು ಶಾಲೆಯಿಂದ ಹೊರಗೆ ಹಾಕಿದ್ದೀರಿ. ಪಾಠದಲ್ಲಿ ಪ್ರಶ್ನೆ ಕೇಳಿದರೆ ಬಾಯಿ ಬಿಡುವುದಿಲ್ಲ ಎಂಬುದು ಅವಳ ಅಪರಾಧ. ಅದಕ್ಕೆ ತಾವಿಟ್ಟ ಹೆಸರು ಮೊಂಡುತನ. ಈ ವರ್ಷ ಪಬ್ಲಿಕ್ ಪರೀಕ್ಷೆಗೂ ಕೂರಿಸುವುದಿಲ್ಲವಂತೆ. ಗಲಾಟೆ ಮಾಡುವ ಮಕ್ಕಳನ್ನು ಶಿಕ್ಷಿಸುವ ಶಾಲೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಸುಮ್ಮನಿರುವವಳನ್ನು ಓಡಿಸಿದ ಕೀರ್ತಿ ತಮ್ಮೊಬ್ಬರದು.

ಅವಳ ಕುಟುಂಬ ಬಾಡಿಗೆಗಿರುವ ಮನೆಯ ಮಾಲೀಕ ನಾನು. ಗುಲ್ಬರ್ಗಾ ಕಡೆಯಿಂದ ಬಂದ ಅವಳ ತಂದೆ ಶಿವಶರಣಪ್ಪ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರು, ಸಭ್ಯಸ್ಥ. ತಾಯಿ ಶರಣವ್ವ ಅವನಿಗಿಂತ ಸಭ್ಯಸ್ಥೆ. ಇಷ್ಟೊಂದು ಸಭ್ಯತೆ ಒಂದೇ ಮನೆಯಲ್ಲಿ ಸೇರಿದರೆ ಏನಾಗುತ್ತದೆ? ಮೈದುನನ ಮದುವೆಯಲ್ಲಿ ತನ್ನ ತಾಯಿಗೆ ಆಯೇರಿಯ, ಅಂದರೆ ಮದುವೆ ಉಡುಗೊರೆಯ, ಸೀರೆ ಕೊಡಲಿಲ್ಲವೆಂದು ಆಕೆ ಮುನಿದಳು. ಕೊಡುವ ಮೊದಲೇ ಅವರು ಎದ್ದು ಹೋದರೆಂದು ಈತ ಮುನಿದ. ಆಗ ಮಗಳು ಎಂಟನೇ ತರಗತಿಯಲ್ಲಿದ್ದಳು. ಅಂದಿನಿಂದ ಗಂಡ ಹೆಂಡತಿ ಒಬ್ಬರೊಡನೊಬ್ಬರು ಮಾತಾಡಿಲ್ಲ.

"ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವು ಅಂತ."

"ನಿಮ್ಮವ್ವಗ ಹೇಳು, ಆಕಿ ತವರಮನಿಯವ್ರಿಗೇ ಹಾಕು ಅಂತ."

ಇಬ್ಬರೂ ಕೂತಿರುವುದು ಒಂದೇ ಕೋಣೆಯಲ್ಲಿ. ಹುಡುಗಿ ಒಮ್ಮೆ ಅಪ್ಪನ ಕಡೆ, ಒಮ್ಮೆ ಅವ್ವನ ಕಡೆ ತಿರುಗಿ ಮಾತು ಒಪ್ಪಿಸಬೇಕು. ಚುಚ್ಚುಮಾತನ್ನು ತಾನೇ ನುಂಗಿಕೊಂಡು "ಅಪ್ಪಗ ಹಸಿವಿಲ್ಲಂತ" ಎನ್ನುತ್ತಾಳೆ. ಮಾತು ಚೂರು ಹೆಚ್ಚುಕಡಿಮೆಯಾದರೂ ಇಬ್ಬರೂ ಅವಳ ಮೇಲೆಯೇ ಹರಿಹಾಯುತ್ತಾರೆ. ಇಂಥವಳು ತಮ್ಮ ತರಗತಿಯಲ್ಲಿ ಎದ್ದು ನಿಂತಾಗ, ಬಾಯಿಗೆ ಬಂದ ಉತ್ತರವನ್ನು ಆಡಬಹುದೋ ನುಂಗಬೇಕೋ ಎಂದು ಯೋಚಿಸುತ್ತಾಳೆ. ಅಷ್ಟರಲ್ಲಿ ತಮ್ಮ ಬೆತ್ತ ಮೇಲೇಳುತ್ತದೆ. ಮಗು ಸರಿಯಾಗಿ ಊಟ ಮಾಡುತ್ತಿಲ್ಲ, ರಕ್ತ ಬರುವ ತನಕ ಉಗುರು ಕಚ್ಚಿಕೊಳ್ಳುತ್ತದೆ.

ತಂದೆ ತಾಯಿಯನ್ನು ಕರೆಸಿದಿರಿ, ಸಂತೋಷ. ಅವರು ಜೊತೆಯಾಗಿ ನಡೆಯುವುದಿಲ್ಲವೆಂದು ಇಬ್ಬರ ಮಧ್ಯೆ ನಡೆದು ಬಂದ ಮುದುಕ ನಾನೇ. ತಮ್ಮ ಕೋಣೆಯಲ್ಲೂ ಅವರು ಮಗಳ ಮೂಲಕವೇ ಜಗಳಾಡಿದರು. ದೊಡ್ಡವರಿಗೆ ಬುದ್ಧಿ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ತಾವೇನು ಮಾಡಿದಿರಿ? ಕೈಗೆಟುಕುವಷ್ಟು ಹತ್ತಿರ ಕೂತಿದ್ದ ಶಿವಶರಣಪ್ಪನನ್ನು ಬಿಟ್ಟು ಹುಡುಗಿಯತ್ತ ತಿರುಗಿ, "ನಿಮ್ಮಪ್ಪನಿಗೆ ಹೇಳಮ್ಮಾ, ಮಗಳನ್ನ ಹದ್ದುಬಸ್ತಿನಲ್ಲಿ ಇಟ್ಕೋಬೇಕು ಅಂತ" ಎಂದಿರಿ! ಬಿ.ಎಡ್. ಓದಿದವರು ಇಷ್ಟು ಬೇಗ ಆ ಮನೆಯ ಪದ್ಧತಿ ಕಲಿತದ್ದಕ್ಕೆ ಹೃತ್ಪೂರ್ವಕ ಅಭಿನಂದನೆಗಳು. ಅವಳು ಅದನ್ನೂ ತಲುಪಿಸಿದಳು: "ಅಪ್ಪಾ, ನನ್ನ ಹದ್ದುಬಸ್ತಿನ್ಯಾಗ ಇಟ್ಕೋಬೇಕಂತ." ಅಲ್ಲಿದ್ದ ಯಾರಿಗೂ ನಾಚಿಕೆಯಾಗಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರದಿಂದ ಅವಳನ್ನು ತರಗತಿಗೆ ಸೇರಿಸಿಕೊಳ್ಳಿ, ಪರೀಕ್ಷೆಗೆ ಕೂರಿಸಿ. ದಂಪತಿಯನ್ನು ಮತ್ತೆ ಕರೆಸಿ. ಹುಡುಗಿಯನ್ನು ಆಟಕ್ಕೆ ಕಳಿಸಿ ಬಾಗಿಲು ಹಾಕಿಕೊಳ್ಳಿ. ಅವರಿಬ್ಬರೂ ಮುಖ ನೋಡಿಕೊಂಡು ಮಾತಾಡುವ ತನಕ ಮನೆಗೆ ಬಿಡಬೇಡಿ. ತಡ ಮಾಡಬೇಡಿ, ಸ್ವಾಮಿ. ನಿನ್ನೆ ಅವಳು ಹಿತ್ತಲಿನಲ್ಲಿ ಒಬ್ಬಳೇ ಕೂತಿದ್ದಳು. "ಯಾಕ್ ಮಗಾ ಇಂಗೆ ಕೂತಿದ್ದೀಯಾ? ನಿಂಗೇನ್ ಬೇಕು, ಯೋಳು" ಎಂದು ಕೇಳಿದೆ. ತಟ್ಟನೆ ಎದ್ದು ನಿಂತಳು.

"ಯಾರನ್ನ ಕೇಳ್ಕೊಂಡು ಬರ್ಲಿರಿ, ಅಜ್ಜಾರ?" ಎಂದಳು.

ಇಂತಿ,
ಬಾಡಿಗೆ ಮನೆಗೆ ತೆಳುಗೋಡೆ ಕಟ್ಟಿಸಿ ಎಲ್ಲವನ್ನೂ ಕೇಳಿಸಿಕೊಳ್ಳುವ ಪಾಪಿ,
ಮುನಿವೆಂಕಟಯ್ಯ