ಅಪರೂಪ ಅಂದಾಗ ನಾವು ಹಿಗ್ಗಿದ್ದೆವು

ಕೊಪ್ಪಳ
ಫೆಬ್ರವರಿ ಮೂವತ್ತು, ೨೧೯೧

ನಮಗಿಂತ ಮೊದಲು ಬಾಳಿದ ಹಿರಿಯರಿಗೆ ಹಂಪವ್ವ ಮಾಡುವ ನಮಸ್ಕಾರ.

ತಾರೀಖು ತಪ್ಪಲ್ಲ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ. ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ; ನೀರು ಹುಡುಕಿ ಊರೂರು ಅಲೆಯುವುದರಲ್ಲಿ ನನ್ನ ಶಾಲೆ ತುಂಡು ತುಂಡಾಯಿತು. ಇದು ಹಿಂದಂಚೆಯ ಕಾಗದ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಂದು ಮನೆಯವರಿಗೆ ಒಂದೇ ಸಲ ಬರೆಯಲು ಬಿಡುತ್ತಾರೆ. ಮುಟ್ಟುತ್ತದೋ ಇಲ್ಲವೋ, ಮುಟ್ಟಿದರೂ ಓದುತ್ತೀರೋ ಇಲ್ಲವೋ, ಅದೇ ಚಿಂತೆ.

ನಮ್ಮೂರಲ್ಲಿ ಕಣಮನೆ ಇದೆ. ಕಣ ಎಂದರೆ ನಿಮಗೆ ಎತ್ತು ಸುತ್ತಿ ತೆನೆ ತುಳಿಯುವ ಜಾಗ ನೆನಪಾಗಬಹುದು. ಇಲ್ಲಿ ಸುತ್ತುವುದು ಕಣ್ಣಿಗೆ ಕಾಣದ ಇಂಗಾಲದ ಕಣ. ಬಳೆಯಂಥ ಕೊಳವೆಯಲ್ಲಿ ಸುತ್ತಿ ಸುತ್ತಿ ವೇಗ ಹಿಡಿದು, ರೋಗಿಯ ಮೈಹೊಕ್ಕು, ಕ್ಯಾನ್ಸರ್ ಗಂಟು ಇರುವಷ್ಟೇ ಆಳಕ್ಕೆ ಹೋಗಿ ನಿಲ್ಲುತ್ತದೆ. ಅದಕ್ಕೆ ಬೇಕಾಗುವ ಕರೆಂಟು ಅಷ್ಟಿಷ್ಟಲ್ಲ. ಮಧ್ಯಾಹ್ನ ಗಂಟೆ ಹೊಡೆದರೆ ಊರಿಗೆ ಊರೇ ಫ್ಯಾನು ನಿಲ್ಲಿಸಿ, ಒಲೆ ಆರಿಸಿ, ಒದ್ದೆ ಬಟ್ಟೆ ಹೊದ್ದು ಕೂರುತ್ತದೆ. ಕೂಸುಗಳು ಬೆವರಿ ಅಳುತ್ತವೆ. ಆದರೂ ಯಾರೂ ಗೊಣಗುವುದಿಲ್ಲ. ನಾಳೆ ನಮಗೇ ಬಂದರೆ ನಮ್ಮನ್ನೂ ನೋಡುತ್ತಾರಲ್ಲ ಎಂಬ ನಂಬಿಕೆ.

ಬಂತು. ನನ್ನ ತಮ್ಮ ಪಂಪಣ್ಣನಿಗೆ, ಅಂಗುಳದಲ್ಲಿ, ಜೊಲ್ಲು ಊರುವ ಸಣ್ಣ ಗ್ರಂಥಿಯಲ್ಲಿ ಗಂಟು. ಕಣ್ಣಿನ ನರದ ಕಡೆಗೆ ಬೇರು ಬಿಟ್ಟಿತ್ತು. ಡಾಕ್ಟರಮ್ಮ ನೋಡಿ, "ಇದು ಭಾಳ ಅಪರೂಪದ್ದು" ಎಂದರು. ನಾವು ಹಿಗ್ಗಿದೆವು. ಅಪರೂಪಕ್ಕೆ ಬಂದ ನೆಂಟರಿಗೆ ಮೊದಲ ಮಣೆ, ಅಪರೂಪಕ್ಕೆ ಹುಟ್ಟಿದ ಕೂಸಿಗೆ ಹೆಚ್ಚು ತುಪ್ಪ; ನನಗೆ ಗೊತ್ತಿದ್ದ ಅಪರೂಪ ಅದು. ಪಂಪಣ್ಣ ನಕ್ಕ: "ಯಕ್ಕಾ, ಹುಟ್ಟಿದಾಗಿಂದ ಒಬ್ಬರೂ ನನ್ನ ಅಪರೂಪ ಅಂದಿದ್ದಿಲ್ಲ. ಈ ಗಂಟು ಬಂದು ಹಂಗ ಅನ್ನಿಸ್ತು ನೋಡು."

ತಲೆ ಅಲುಗದಂತೆ ಹಿಡಿಯುವ ಮುಖದ ಅಚ್ಚನ್ನೂ ತೆಗೆದರು. ಆಮೇಲೆ ಅವನ ಹಿಂದೆ ಬಂದವರೆಲ್ಲ ಒಳಗೆ ಹೋಗಿಬಂದರು. ಅವನು ಕೂತೇ ಇದ್ದ. ನಾನು ಹೋಗಿ ಜಗಳಕ್ಕೆ ನಿಂತೆ.

"ಹಂಪವ್ವ, ಅಪರೂಪ ಅಂದ್ರ ಇಂಥಾ ರೋಗದ ಮಂದಿ ಕಡಿಮಿ ಅಂತ," ಎಂದರು ಡಾಕ್ಟರಮ್ಮ. "ಎಷ್ಟು ಕಣ ಬಿಡಬೇಕಂತ ಹಿಂದಿನವರು ತಿಳಿಸಿಟ್ಟಿಲ್ಲ. ಕಡಿಮಿ ಆದ್ರ ಗಂಟು ಉಳಿತೈತಿ, ಹೆಚ್ಚಾದ್ರ ಕಣ್ಣು ಹೋಗತೈತಿ."

ಹಿಂದಿನವರು ಎಂದರೆ ನೀವು. ನಿಮ್ಮಲ್ಲೂ ಕಣ ಬಿಡುವ ಯಂತ್ರ ಇತ್ತಂತೆ. ಇಲ್ಲೊಬ್ಬ, ಅಲ್ಲೊಬ್ಬ ಇಂಥವರು ಬಂದಿದ್ದರಂತೆ. ಯಾರು ಉಳಿದರು, ಯಾರ ಕಣ್ಣು ಹೋಯಿತು, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲವಂತೆ. ನಾಲ್ಕು ಜನರಿಗಾಗಿ ಯಾರು ಮೈಮುರಿದು ದುಡಿಯಬೇಕು ಅಂದುಕೊಂಡಿರಾ? ನಿಮ್ಮನ್ನು ನಂಬಿ ನಾವು ಸೆಕೆಯಲ್ಲಿ ಬೆಂದೆವು. ನೀವು ನಮಗೆ ಬಿಟ್ಟುಹೋದದ್ದು ಯಂತ್ರ ಮಾತ್ರ.

ಅಂದಾಜಿನ ಮೇಲೆ ಕಣ ಬಿಡಲೋ ಬೇಡವೋ ಎಂದು ಪಂಪಣ್ಣನನ್ನೇ ಕೇಳಿದ್ದಾರೆ. ನಾಳೆ ಅವನು ಉತ್ತರ ಕೊಡಬೇಕು.

ಕೇಳುವುದು ಇಷ್ಟೇ. ನಿಮ್ಮಲ್ಲಿಗೆ ಇಂಥ ಒಬ್ಬರು ಬಂದರೂ, ಏನು ಮಾಡಿದಿರಿ, ಏನಾಯಿತು, ಉಳಿದವರಿಗೆ ಹೇಳಿ. ಕೆಟ್ಟದ್ದಾದರೂ ಹೇಳಿ.

ನೀವು ಹಾಗೆ ಮಾಡಿದ್ದರೆ, ನಮ್ಮ ಪಾಲಿಗೆ ಅದು ಯಾವತ್ತೋ ಆಗಿಹೋದ ಮಾತು. ಡಾಕ್ಟರಮ್ಮನಿಗೆ ಈಗಾಗಲೇ ಗೊತ್ತಿರಬೇಕು. ಅದಕ್ಕೇ ಬರೆಯುವುದು ಬಿಟ್ಟು ಎದ್ದುಹೋಗಿ ಕೇಳಿಬಂದೆ. "ಇಲ್ಲವ್ವ, ಏನೂ ಗೊತ್ತಿಲ್ಲ" ಎಂದರು.

ಇನ್ನೂ ಸಹಿ ಹಾಕಿಲ್ಲ, ಅಂಚೆಗೂ ಹಾಕಿಲ್ಲ, ಅದಕ್ಕೇ ಇರಬಹುದು. ಈಗ ಹಾಕುತ್ತೇನೆ. ಹಾಕಿ, ಹೋಗಿ, ಇನ್ನೊಮ್ಮೆ ಕೇಳುತ್ತೇನೆ.

ಹಂಪವ್ವ